ಮಾಂಸ ತರೋ ಚೀಲ: ಯಾವುದು ಒಳ್ಳೇದು, ಮಳೆಗಾಲದಲ್ಲಿ ತೊಳೆದು ಒಣಗಿಸೋದು ಹೇಗೆ?

ಸಾಗರ/ಹೊಸನಗರ/ತೀರ್ಥಹಳ್ಳಿ: ಭಾನುವಾರ ಬೆಳಗ್ಗೆ ಪೇಟೆಯಿಂದ ಊರಿಗೆ ಹೋಗೋ ಬಸ್‌ ಹತ್ತಿದವರಿಗೆ ಈ ದೃಶ್ಯ ಹೊಸದಲ್ಲ. ತಿರುವಿನಲ್ಲಿ ಬಸ್‌ ವಾಲಿದಾಗ ಸೀಟಿನ ಕೆಳಗಿಂದ ಕೆಂಪು ನೀರು ಹರಿದು ಬರ್ತದೆ. "ಯಾರದ್ದು ಮಾರಾಯ್ರೆ ಈ ಚೀಲ?" ಅಂತ ಕಂಡಕ್ಟರ್‌ ಕೇಳ್ತಾರೆ. ಯಾರೂ ಮಾತಾಡಲ್ಲ. ಪಕ್ಕದಲ್ಲಿ ಕೂತ ಅಮ್ಮ ಕಾಲು ಮೇಲೆತ್ತಿ ಸೆರಗು ಮೂಗಿಗೆ ಹಿಡೀತಾರೆ.

ಎರಡು ವರ್ಷದ ಹಿಂದೆ ಹಾಗೆ ಸೋರಿದ ಚೀಲ ನನ್ನದೇ ಆಗಿತ್ತು. ನಾನೂ ಮಾತಾಡಲಿಲ್ಲ.

ಆ ನಾಚಿಕೆ ಅಲ್ಲಿಗೇ ಮುಗಿದಿದ್ರೆ ಈ ವರದಿ ಬರೀತಿರಲಿಲ್ಲ. ಮನೆಗೆ ಬಂದು ಕೋಳಿ ತೆಗೆದು, ಚೀಲವನ್ನ ಬರೀ ನೀರಲ್ಲಿ ಜಾಲಾಡಿ ಜಗುಲಿಯ ಮೊಳೆಗೆ ಹಾಕಿದ್ದೆ. ಆಷಾಢದ ಮಳೆ, ಒಣಗಲಿಲ್ಲ. ಮಾರನೇ ದಿನ ಅದೇ ಚೀಲದಲ್ಲಿ ಸೌತೆಕಾಯಿ, ಕೊತ್ತಂಬರಿ ಸೊಪ್ಪು ಬಂತು. ಕೋಸಂಬರಿ ಆಯ್ತು. ಕೋಳಿ ಮುಟ್ಟದ ಅಜ್ಜಿ ಅದನ್ನೇ ಹೆಚ್ಚು ತಿಂದಿದ್ದರು. ಮೂರನೇ ದಿನ ಜ್ವರ, ಭೇದಿ. ಎರಡು ದಿನ ಡ್ರಿಪ್‌ ಹಾಕಿಸಬೇಕಾಯ್ತು. ಡಾಕ್ಟ್ರು ಮೊದಲು ಕೇಳಿದ್ದೇ "ಹಸಿದು ಏನು ತಿಂದ್ರಿ ಅಜ್ಜಿ?" ಅಂತ. ಚೀಲದಿಂದಲೇ ಆಯ್ತು ಅಂತ ಸಾಬೀತು ಮಾಡೋಕೆ ನನ್ನತ್ರ ಏನೂ ಇಲ್ಲ. ಆದರೆ ಹಾಗೆ ಆಗೋದಕ್ಕೆ ಬೇಕಾದ್ದೆಲ್ಲ ಆ ಚೀಲದಲ್ಲಿತ್ತು.

ಮಾಂಸ ತರೋಕೆ ಯಾವ ಚೀಲ ಬೇಕು, ಅದನ್ನ ಹೇಗೆ ತೊಳೀಬೇಕು ಅನ್ನೋದನ್ನ ಆಮೇಲೆ ಕೂತು ತಿಳ್ಕೊಂಡೆ. ಮೂರು ತಾಲೂಕಿನ ಓದುಗರಿಗೂ ಉಪಯೋಗ ಆಗಬಹುದು ಅಂತ ಇಲ್ಲಿದೆ.

ಶಿಕಾರಿ ಚೀಲದ ಪಾಠ

ಬೇಟೆಗೆ ಕಾನೂನಿನ ಅನುಮತಿ ಇರೋ ದೇಶಗಳಲ್ಲಿ ಶಿಕಾರಿ ಮಾಂಸಕ್ಕೆ ಅಂತಲೇ ಚೀಲ ಸಿಗ್ತದೆ. ಅಮೆರಿಕ, ನ್ಯೂಜಿಲೆಂಡ್‌ನಲ್ಲಿ ಜಿಂಕೆ ಹೊಡೆದವರು ಮಾಂಸವನ್ನ ತೆಳು ಹತ್ತಿ ಬಟ್ಟೆ ಅಥವಾ ಗಾಳಿಯಾಡೋ ನೈಲಾನ್‌ ಬಟ್ಟೆಯ ಚೀಲಕ್ಕೆ ಹಾಕಿ ಮರಕ್ಕೆ ನೇತು ಹಾಕ್ತಾರೆ. ತೊಳೆದು ಮತ್ತೆ ಮತ್ತೆ ಬಳಸ್ತಾರೆ.

ನಮ್ಮಲ್ಲೂ ಶಿಕಾರಿ ಇತ್ತು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಅದನ್ನ ಹೇಳಿಕೊಡಬೇಕಿಲ್ಲ. ಆದರೆ ಅದು ಆ ಕಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಲೈಸೆನ್ಸ್‌ ಪಡೆದು ಕೆಲವು ಪ್ರಾಣಿ ಬೇಟೆಯಾಡಲು ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದು ಹಾಕ್ತು. ಈಗ ಕಾಡುಹಂದಿ ಇರಲಿ, ಮೊಲ ಇರಲಿ, ಹೊಡೆಯೋದೂ ಅಪರಾಧ, ಅದರ ಮಾಂಸ ಇಟ್ಟುಕೊಳ್ಳೋದೂ ಅಪರಾಧ. ಪರಿಚ್ಛೇದ ಒಂದರಲ್ಲಿರೋ ಪ್ರಾಣಿ ಆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬಳಸಿದ ಬಂದೂಕು, ವಾಹನ ಸರ್ಕಾರದ ಪಾಲು. "ನಾನು ಹೊಡೆದಿಲ್ಲ, ಪಾಲು ಮಾತ್ರ ತಗೊಂಡೆ" ಅಂದ್ರೂ ನಡೆಯಲ್ಲ. ನಿಮ್ಮ ಕೈಯಲ್ಲಿರೋ ಚೀಲವೇ ಸಾಕ್ಷಿ.

ಹಾಗಾಗಿ ಈ ಬರಹ ಶಿಕಾರಿ ಮಾಡೋರಿಗಲ್ಲ. ಆದರೆ ಶಿಕಾರಿ ಚೀಲದ ಹಿಂದಿನ ತಿಳುವಳಿಕೆ ನಮ್ಮ ಭಾನುವಾರದ ಕೋಳಿಗೂ, ಹಬ್ಬಕ್ಕೆ ನಾಲ್ಕಾರು ಮನೆಯೋರು ಸೇರಿ ಪಾಲು ಹಾಕೋ ಕುರಿ, ಹಂದಿಗೂ ಅನ್ವಯಿಸ್ತದೆ.

ಪಾಠ ಇಷ್ಟೇ. ಆಗ ತಾನೇ ಕೊಯ್ದ ಮಾಂಸದಲ್ಲಿ ಪ್ರಾಣಿಯ ಮೈಬಿಸಿ ಹಾಗೇ ಇರ್ತದೆ. ಕುರಿಯ ಮೈಬಿಸಿ ಸುಮಾರು 39 ಡಿಗ್ರಿ, ಕೋಳಿಯದ್ದು 41 ಡಿಗ್ರಿ. ಅದನ್ನ ಪ್ಲಾಸ್ಟಿಕ್‌ ಕವರಿಗೆ ತುಂಬಿ ಬಾಯಿ ಕಟ್ಟಿದ್ರೆ ಬಿಸಿ ಒಳಗೇ ಉಳೀತದೆ, ಬೆವರಿ ನೀರು ಬಿಡ್ತದೆ. ರೋಗಾಣು ಬೆಳೆಯೋಕೆ ಬೇಕಾದ್ದು ಇದೇ, ಬಿಸಿ ಮತ್ತು ಪಸೆ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಅವು ಬೆಳೀತಾವೆ. ಅನುಕೂಲ ಸಿಕ್ಕಿದ್ರೆ ಕೆಲವು 20 ನಿಮಿಷಕ್ಕೇ ಎರಡು ಪಟ್ಟು ಆಗ್ತಾವೆ. ಶಿಕಾರಿ ಚೀಲ ಮಾಡೋ ಕೆಲಸ ಎರಡು: ಬಿಸಿ ಹೊರಗೆ ಬಿಡೋದು, ನೊಣ ಒಳಗೆ ಬರದಂತೆ ತಡೆಯೋದು. ರಕ್ತ ಹಿಡಿದಿಡೋದು ಅದರ ಕೆಲಸ ಅಲ್ಲ.

ನಾವು ಎಡವೋದು ಇಲ್ಲೇ. ಒಂದೇ ಚೀಲದಿಂದ ಎಲ್ಲ ಕೆಲಸ ಮಾಡಿಸ್ತೀವಿ. ರಕ್ತವನ್ನೂ ಅದೇ ಹಿಡೀಬೇಕು, ಮಾರನೇ ದಿನ ತರಕಾರಿಯನ್ನೂ ಅದೇ ತರಬೇಕು.

ಅಂಗಡಿಯಲ್ಲಿ ಸಿಗೋ ಚೀಲಗಳು

ಕಪ್ಪು ಕವರ್‌: ರಾಜ್ಯದಲ್ಲಿ ಪ್ಲಾಸ್ಟಿಕ್‌ ಕೈಚೀಲಕ್ಕೆ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ. ಆದರೂ ಕೋಳಿ ಅಂಗಡಿಯಲ್ಲಿ ಸಿಗ್ತದೆ. ಯಾವ ಹಳೇ ಪ್ಲಾಸ್ಟಿಕ್‌ ಕರಗಿಸಿ ಮಾಡಿದ್ದು ಅಂತ ನೋಡಿದ್ರೆ ಗೊತ್ತಾಗಲ್ಲ. ಮೂಳೆ ಚುಚ್ಚಿದ್ರೆ ತೂತು ಬೀಳ್ತದೆ. ತೊಳೆದು ಮತ್ತೆ ಬಳಸೋಕಾಗಲ್ಲ, ರಕ್ತದ ವಾಸನೆಗೆ ನಾಯಿ, ದನ ಎಳೆದಾಡಿ ಕೊನೆಗೆ ಚರಂಡಿ ಸೇರ್ತದೆ. ಚರಂಡಿಯಿಂದ ಹೊಳೆಗೆ.

ಬಟ್ಟೆಯಂತೆ ಕಾಣೋ ಬಣ್ಣದ ಚೀಲ: ಜವಳಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡ್ತಾರಲ್ಲ, ಅದು. ಸುಮಾರು ಜನ ಇದನ್ನ ಬಟ್ಟೆ ಅಂತಲೇ ತಿಳ್ಕೊಂಡಿದ್ದಾರೆ. ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್‌ ಅನ್ನೋ ಪ್ಲಾಸ್ಟಿಕ್ಕಿನ ಎಳೆಗಳನ್ನ ನೇಯದೆ ಒತ್ತಿ ಅಂಟಿಸಿದ್ದು. ಕೇಂದ್ರದ ನಿಯಮದಲ್ಲೂ ಇದು ಪ್ಲಾಸ್ಟಿಕ್‌ ಲೆಕ್ಕಕ್ಕೇ ಬರ್ತದೆ, ಚದರ ಮೀಟರಿಗೆ 60 ಗ್ರಾಂಗಿಂತ ತೆಳು ಇರಬಾರದು ಅಂತ 2021ರ ಸೆಪ್ಟೆಂಬರ್‌ 30ರಿಂದ ಮಿತಿ ಇದೆ. ತಿಕ್ಕಿ ತೊಳೆದ್ರೆ ಎಳೆ ಎದ್ದು ಬರ್ತದೆ, ಕುದಿಸೋಕಾಗಲ್ಲ. ನಾನು ಬಳಸಿದ್ದು ಇದನ್ನೇ. ತರಕಾರಿಗೆ ಇರಲಿ, ಮಾಂಸಕ್ಕೆ ಬೇಡ.

ಗೊಬ್ಬರದ ಚೀಲ, ಪಶು ಆಹಾರದ ಚೀಲ: ಪಾಲು ಹಾಕೋ ದಿನ ಇದನ್ನೇ ಕೊಯ್ದು ಹಾಸಿ ಮಾಂಸ ಗುಡ್ಡೆ ಮಾಡೋದನ್ನ ನೋಡಿದ್ದೇನೆ. ಅಡಿಕೆ ತೋಟ ಇರೋ ಮನೇಲಿ ಯಾವ ಚೀಲದಲ್ಲಿ ಯೂರಿಯಾ ಇತ್ತು, ಯಾವುದರಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇತ್ತು ಅಂತ ಯಾರಿಗೆ ನೆನಪಿರ್ತದೆ? ಔಷಧಿ, ಗೊಬ್ಬರ ಕಂಡ ಚೀಲಕ್ಕೆ ಯಾವತ್ತೂ ತಿನ್ನೋ ವಸ್ತು ಹಾಕಬೇಡಿ. ಎಷ್ಟು ತೊಳೆದರೂ ಬೇಡ. ಹಾಸೋಕೆ ಬಾಳೆ ಎಲೆ ಇದೆ, ತೋಟದಲ್ಲಿ ಬಿದ್ದಿರೋ ಅಡಿಕೆ ಹಾಳೆ ಇದೆ.

ಸೆಣಬಿನ ಚೀಲ: ಗಟ್ಟಿ, ಗಾಳಿಯಾಡ್ತದೆ. ಆದರೆ ನಾರು ಮಾಂಸಕ್ಕೆ ಅಂಟ್ತದೆ, ರಕ್ತ ಹೀರಿದ್ರೆ ನಮ್ಮ ಮಳೆಗಾಲದಲ್ಲಿ ವಾರ ಆದ್ರೂ ಒಣಗಲ್ಲ.

ಹತ್ತಿ ಬಟ್ಟೆ ಚೀಲ: ಎಲ್ಲದಕ್ಕಿಂತ ಇದೇ ಮೇಲು. ಕುದಿಸಬಹುದು, ತಿಕ್ಕಬಹುದು, ಇಸ್ತ್ರಿ ಹಾಕಬಹುದು. ದುಡ್ಡು ಕೊಟ್ಟು ತರಬೇಕು ಅಂತಿಲ್ಲ, ಅಜ್ಜನ ಹಳೇ ಪಂಚೆ ಇದ್ರೆ ಟೈಲರ್‌ ಹತ್ರ ಎರಡು ಮೂರು ಚೀಲ ಹೊಲಿಸಬಹುದು.

ಹೊಲಿಸೋವಾಗ ಏನು ನೋಡಬೇಕು?

ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದಿರಲಿ. "ಕಲೆ ಕಾಣಬಾರದು" ಅಂತ ನಾವು ಕಪ್ಪು, ನೀಲಿ ಹುಡುಕ್ತೀವಿ. ಮಾಂಸದ ಚೀಲಕ್ಕೆ ಉಲ್ಟಾ. ಕಲೆ ಕಂಡ್ರೆ ತಾನೆ ತೊಳೆದದ್ದು ಸಾಕಾಗಿಲ್ಲ ಅಂತ ಗೊತ್ತಾಗೋದು?

ಒಂದೇ ಪದರ ಇರಲಿ. ಒಳಗೆ ಅಸ್ತರ್‌, ಜೇಬು, ತಳಕ್ಕೆ ರಟ್ಟು ಬೇಡ. ಎರಡು ಪದರದ ನಡುವೆ ಹೋದ ರಕ್ತ ತಿಕ್ಕೋಕೂ ಸಿಗಲ್ಲ, ಬಿಸಿಲಿಗೂ ಸಿಗಲ್ಲ. ಮೂಲೆಯ ಹೊಲಿಗೆ ದಪ್ಪ ಮಡಿಕೆ ಆಗದ ಹಾಗೆ ಹೇಳಿ, ಹೊಲಸು ಕೂರೋದು ಅಲ್ಲೇ. ಹಿಡಿಕೆ ಮಾತ್ರ ಗಟ್ಟಿ ಇರಲಿ.

ಗುರುತು ಇರಲಿ. ನಮ್ಮನೆಯಲ್ಲಿ ಮಾಂಸದ ಚೀಲದ ಹಿಡಿಕೆಗೆ ಕೆಂಪು ದಾರ ಸುತ್ತಿದ್ದೇವೆ. ಆ ಚೀಲಕ್ಕೆ ತರಕಾರಿ, ಹಣ್ಣು, ಹೂವು ಯಾವುದೂ ಹೋಗಲ್ಲ. ಬೇರೆ ಮೊಳೆ, ಬೇರೆ ಜಾಗ. ಈ ವರದಿಯಲ್ಲಿ ಒಂದೇ ಮಾತು ನೆನಪಿಡ್ತೀರಿ ಅಂದ್ರೆ ಇದನ್ನೇ ನೆನಪಿಡಿ. ಮಾಂಸ ಚೆನ್ನಾಗಿ ಬೆಂದ್ರೆ ಅದರಲ್ಲಿರೋ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್‌ ತರದ ರೋಗಾಣು ಸಾಯ್ತಾವೆ. ಸೌತೆಕಾಯಿಯನ್ನ ಯಾರೂ ಬೇಯಿಸಲ್ಲ.

ರಕ್ತ ಹಿಡಿಯೋದು ಡಬ್ಬಿ

ಹಾಗಾದ್ರೆ ಬಟ್ಟೆ ಚೀಲ ಸೋರಲ್ವಾ? ಸೋರ್ತದೆ. ಅದಕ್ಕೇ ಒಳಗೆ ಮುಚ್ಚಳ ಇರೋ ಸ್ಟೀಲ್‌ ಡಬ್ಬಿ ಇಡಿ. ಮೂರು ಲೀಟರ್‌ ಹಿಡಿಸೋ ಡಬ್ಬಿ ಇದ್ರೆ ಎರಡು ಕೆ.ಜಿ. ಕೋಳಿ ಆರಾಮಾಗಿ ಕೂರ್ತದೆ. ಮನೆಯಿಂದ ಡಬ್ಬಿ ತಗೊಂಡು ಹೋಗಿ, ಖಾಲಿ ಡಬ್ಬಿ ತಕ್ಕಡಿಗಿಟ್ಟು ತೂಕ ಕಳೆದು ಹಾಕಿ ಅಂದ್ರೆ ಅಂಗಡಿಯವರು ಹಾಕಿಕೊಡ್ತಾರೆ. ಡಬ್ಬಿ ರಕ್ತ ಹಿಡೀತದೆ, ಚೀಲ ಡಬ್ಬಿ ಹಿಡೀತದೆ. ಬಸ್ಸಿನಲ್ಲಿ ಯಾರೂ ಕಾಲು ಮೇಲೆತ್ತಬೇಕಾಗಲ್ಲ.

ಡಬ್ಬಿ ಇಲ್ಲದಿದ್ದಾಗ ಅಡಿಕೆ ಹಾಳೆಯನ್ನ ನೆನೆಸಿ ಮಡಚಿ ಚೀಲದ ತಳಕ್ಕೆ ಹಾಕಿ, ಮೇಲೆ ಬಾಳೆ ಎಲೆ ಹಾಸಬಹುದು. ಹಾಳೆ ನೀರು ಬಿಡಲ್ಲ, ಕೆಲಸ ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹೋಗ್ತದೆ.

ಪಾಲು ಮಾಂಸಕ್ಕೆ ಮಾತ್ರ ಕ್ರಮ ಬೇರೆ. ಆಗ ತಾನೇ ಕೊಯ್ದ ಬಿಸಿ ಮಾಂಸವನ್ನ ಡಬ್ಬಿಗೆ ಒತ್ತಿ ತುಂಬಿ ಮುಚ್ಚಬೇಡಿ. ನೆರಳಲ್ಲಿ ಬಾಳೆ ಎಲೆ ಮೇಲೆ ತೆಳುವಾಗಿ ಹರಡಿ, ತೆಳು ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಆರೋಕೆ ಬಿಡಿ, ಆಮೇಲೆ ತುಂಬಿ. ತೋಟದ ಅಂಚಲ್ಲಿ, ಕಾಡಿನ ಬದಿಯಲ್ಲಿ ಪಾಲು ಹಾಕೋದಾದ್ರೆ ಚೀಲವನ್ನ ದರಗಿನ ಮೇಲೆ ಇಡಬೇಡಿ, ಕೊಂಬೆಗೆ ನೇತು ಹಾಕಿ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಉಣ್ಣೆ ಇರೋದು ಆ ದರಗಿನಲ್ಲೇ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಮೊದಲು ಕಂಡ ಕಾಯಿಲೆ 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಏನು ಮಾಡ್ತು ಅಂತ ನಮಗೆಲ್ಲ ಗೊತ್ತಿದೆ. ಚೀಲಕ್ಕೆ ಹತ್ತಿದ ಉಣ್ಣೆ ಮನೆ ತನಕ ಬರೋಕೆ ಟಿಕೆಟ್‌ ಬೇಕಿಲ್ಲ.

ಪೇಟೆಯಿಂದ ಮನೆಗೆ ಎಷ್ಟು ಹೊತ್ತು?

ಹಸಿ ಮಾಂಸ ಫ್ರಿಡ್ಜಿನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಏಪ್ರಿಲ್‌, ಮೇನಲ್ಲಿ ನಮ್ಮೂರಲ್ಲೂ ಮಧ್ಯಾಹ್ನ ಇದನ್ನ ದಾಟ್ತದೆ.

ತುಮರಿ ಕಡೆಯವರು ಸಾಗರಕ್ಕೆ ಬಂದು ಲಾಂಚ್‌ ಕಾಯೋ ಕಾಲದಲ್ಲಿ ಈ ಲೆಕ್ಕ ಹಿಡಿಯೋದೇ ಕಷ್ಟ ಇತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ದಾರಿ ಹತ್ತಿರ ಆಗಿದೆ. ಆದ್ರೂ ಹೊಸನಗರ, ತೀರ್ಥಹಳ್ಳಿ ಪೇಟೆಯಿಂದ ಒಳಗಿನ ಹಳ್ಳಿಗಳಿಗೆ ಬಸ್ಸು ದಿನಕ್ಕೆ ಒಂದೋ ಎರಡೋ. ಮಾಡಬೇಕಾದ್ದು ಸುಲಭ: ಪೇಟೆಯಲ್ಲಿ ಬೇರೆ ಎಲ್ಲ ಕೆಲಸ ಮುಗಿಸಿ, ಮಾಂಸ ಕೊನೆಗೆ ತಗೊಳ್ಳಿ. ಬಹಳ ಜನ ರಷ್‌ ತಪ್ಪಿಸೋಕೆ ಅಂತ ಕೋಳಿಯನ್ನೇ ಮೊದಲು ಹಾಕಿಸಿ, ಆಮೇಲೆ ಸೊಸೈಟಿ, ಕಿರಾಣಿ ಅಂತ ಓಡಾಡ್ತಾರೆ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿ ಬೇಡ, ಎಂಜಿನ್‌ ಬಿಸಿ ಅಲ್ಲಿಗೇ ತಾಗ್ತದೆ.

ಘಟ್ಟ ಹತ್ತಿ ಬರೋ ಬಂಗುಡೆ, ಬೂತಾಯಿ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಈ ಮೀನು ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ರೆ ಹಿಸ್ಟಮೀನ್‌ ಅನ್ನೋದು ತುಂಬಿಕೊಳ್ತದೆ. ಅದು ಬೇಯಿಸಿದ್ರೂ, ಹುರಿದ್ರೂ ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರೋದು ಅದರಿಂದ. ಡಬ್ಬಿಗೆ ಮೀನಿನ ಜೊತೆ ಐಸ್‌ ಹಾಕಿಸಿಕೊಳ್ಳಿ.

ತೊಳೆಯೋ ಕ್ರಮ

ಮನೆಗೆ ಬಂದ ತಕ್ಷಣ ತೊಳೀರಿ. ಊಟ ಆಗಲಿ, ನಿದ್ದೆ ಆಗಲಿ ಅಂತ ಬಿಟ್ರೆ ರಕ್ತ ಒಣಗಿ ನೂಲಿಗೆ ಕಚ್ಚಿಕೊಳ್ತದೆ.

ಮೊದಲು ಚೀಲವನ್ನ ಒಳಗು ಹೊರಗು ಮಾಡಿ. ತಣ್ಣೀರಲ್ಲಿ ಕೆಂಪು ಬಣ್ಣ ಪೂರ್ತಿ ಹೋಗೋ ತನಕ ಜಾಲಾಡಿ. ಶುರುವಿಗೇ ಬಿಸಿನೀರು ಹಾಕೋದು ದೊಡ್ಡ ತಪ್ಪು. ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗ್ತದಲ್ಲ, ರಕ್ತದಲ್ಲಿರೋ ಪ್ರೋಟೀನೂ ಹಾಗೇ ಗಟ್ಟಿಯಾಗಿ ಬಟ್ಟೆಗೆ ಕೂತುಬಿಡ್ತದೆ. ಆಮೇಲೆ ಕಲೆ ಜನ್ಮಕ್ಕೂ ಹೋಗಲ್ಲ.

ಕಲೆ ಉಳಿದಿದ್ರೆ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ.

ಆಮೇಲೆ ಸೋಪು ಹಚ್ಚಿ ತಿಕ್ಕಿ. ಹೊಲಿಗೆ, ಮೂಲೆ, ಹಿಡಿಕೆ ಮೂರನ್ನೂ ಬ್ರಶ್‌ನಲ್ಲಿ ತಿಕ್ಕಿ. ಹಿಡಿಕೆಯನ್ನ ಎಲ್ಲರೂ ಮರೀತಾರೆ, ಮಾಂಸ ಮುಟ್ಟಿದ ಕೈ ಮೊದಲು ಹೋಗೋದು ಅಲ್ಲಿಗೇ. ಕೊಬ್ಬಿನ ಜಿಡ್ಡು ಹೋಗಬೇಕಾದ್ರೆ ಈ ಹಂತದಲ್ಲಿ ಬಿಸಿನೀರು ಬಳಸಿ. ಹಂದಿ ಮಾಂಸ ತಂದ ಚೀಲಕ್ಕೆ ಇದು ಬೇಕೇ ಬೇಕು.

ಕೊನೆಗೆ ಕುದಿಸಿ. ಬಚ್ಚಲೊಲೆ ಮೇಲೆ ಹಳೇ ಪಾತ್ರೆಯಲ್ಲಿ ಹತ್ತು ನಿಮಿಷ ಕುದ್ರೆ ಹತ್ತಿ ಚೀಲಕ್ಕೆ ಬೇರೆ ಔಷಧಿ ಬೇಡ. ಕುದಿಸೋಕಾಗದಿದ್ರೆ ನಾಲ್ಕು ಲೀಟರ್‌ ತಣ್ಣೀರಿಗೆ ಬಟ್ಟೆಗೆ ಹಾಕೋ ದ್ರವ ಬ್ಲೀಚ್‌ ಒಂದು ದೊಡ್ಡ ಚಮಚ ಹಾಕಿ ಹತ್ತು ನಿಮಿಷ ನೆನೆಸಿ, ಎರಡು ಸಲ ಚೆನ್ನಾಗಿ ಜಾಲಾಡಿ. ಒಂದು ಎಚ್ಚರಿಕೆ: ಬ್ಲೀಚ್‌ ಜೊತೆ ನಿಂಬೆಹುಳಿ, ಆಸಿಡ್‌, ಕಕ್ಕಸು ತೊಳೆಯೋ ದ್ರವ ಸೇರಿಸಬೇಡಿ. ಕ್ಲೋರಿನ್‌ ಅನಿಲ ಎದ್ದು ಉಸಿರು ಕಟ್ಟಿಸ್ತದೆ.

ಚೀಲ ತೊಳೆದ ಬಕೆಟ್‌, ಕಲ್ಲು, ಬ್ರಶ್‌ ಎಲ್ಲಕ್ಕೂ ಸೋಪು ಬೀಳಲಿ. ನಿಮ್ಮ ಕೈಗೂ. ತೊಳೆದ ನೀರನ್ನ ಬಾವಿಕಟ್ಟೆ ಹತ್ರ ಚೆಲ್ಲಬೇಡಿ.

ಒಣಗದ ಚೀಲ ತೊಳೆದ ಚೀಲವಲ್ಲ

ಬೇಸಿಗೆಯಲ್ಲಿ ಏನೂ ಚಿಂತೆ ಇಲ್ಲ. ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕಿದ್ರೆ ಸಂಜೆಯೊಳಗೆ ಕೆಲಸ ಮುಗೀತು. ಕಷ್ಟ ಇರೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗುಂಬೆ, ಹುಲಿಕಲ್‌ ಕಡೆ ಉಟ್ಟ ಬಟ್ಟೆಯೇ ಒಣಗಲ್ಲ, ಇನ್ನು ಚೀಲ ಎಲ್ಲಿಂದ? ಪಸೆ ಉಳಿದ ಚೀಲದಲ್ಲಿ ಅಳಿದುಳಿದ ರೋಗಾಣು ಮತ್ತೆ ಬೆಳೀತದೆ, ಬೂಷ್ಟು ಹಿಡೀತದೆ. ನನ್ನ ಚೀಲಕ್ಕೆ ಆಗಿದ್ದೂ ಇದೇ.

ನಮ್ಮ ಮನೆಗಳಲ್ಲಿ ಇದಕ್ಕೆ ದಾರಿ ಇದೆ. ಬಚ್ಚಲೊಲೆ ಮೇಲಿನ ಗಳ. ಹಂಡೆಗೆ ಬೆಂಕಿ ಹಾಕಿದಾಗ ಅಲ್ಲಿ ಬಿಸಿ ಗಾಳಿ ಆಡ್ತದೆ. ಚೀಲವನ್ನ ಬಾಯಿ ಕೆಳಗೆ ಮಾಡಿ, ಒಳಗಡೆ ಒಂದು ಕಡ್ಡಿ ಅಡ್ಡ ಕೊಟ್ಟು ಅಗಲ ಮಾಡಿ ನೇತು ಹಾಕಿ. ಉರಿಯಿಂದ ದೂರ ಇರಲಿ. ಹೊಗೆ ವಾಸನೆ ಬಂದ್ರೆ ಬರಲಿ. ಗ್ಯಾಸ್‌ ಗೀಸರ್‌, ಸೋಲಾರ್‌ ಬಂದ ಮನೆಯವರು ಗಟ್ಟಿಯಾಗಿ ಹಿಂಡಿ ಫ್ಯಾನಿನ ಕೆಳಗೆ ರಾತ್ರಿ ಹಾಕಿ, ಬೆಳಗ್ಗೆ ಬಿಸಿ ಇಸ್ತ್ರಿ ಎಳೀರಿ. ಹೊಲಿಗೆ ಮೇಲೆ ಎರಡು ಸಲ ಎಳೀರಿ, ಕೊನೆಗೆ ಒಣಗೋದು ಅದೇ.

ಒಣಗಿದೆಯಾ ಅಂತ ನೋಡೋಕೆ ಹೊಲಿಗೆಯನ್ನ ಕೆನ್ನೆಗೆ ಇಟ್ಟು ನೋಡಿ. ತಣ್ಣಗೆ ಅನಿಸಿದ್ರೆ ಇನ್ನೂ ಪಸೆ ಇದೆ. ಮಳೆಗಾಲಕ್ಕೆ ಎರಡು ಮೂರು ಚೀಲ ಇಟ್ಟುಕೊಳ್ಳಿ, ಒಂದು ಒಣಗ್ತಿದ್ರೆ ಇನ್ನೊಂದು ಕೈಗೆ ಸಿಗ್ತದೆ. ಒಣಗಿದ್ದನ್ನ ಪ್ಲಾಸ್ಟಿಕ್‌ ಕವರೊಳಗೆ ಮಡಚಿ ತುರುಕಬೇಡಿ.

ಕುದಿಸಿ ಒಣಗಿಸಿದ ಮೇಲೂ ವಾಸನೆ ಬರ್ತಿದ್ರೆ, ಕಪ್ಪು ಚುಕ್ಕಿ ಬಿದ್ದಿದ್ರೆ, ಹೊಲಿಗೆ ಬಿಟ್ಟಿದ್ರೆ ಆ ಚೀಲದ ಆಯಸ್ಸು ಮುಗೀತು. ಹತ್ತಿಯದ್ದಾದ್ರೆ ಬಚ್ಚಲೊಲೆಗೇ ಹಾಕಿ.

ಈಗ ನಮ್ಮನೆಯಲ್ಲಿ

ಅಜ್ಜಿ ಹುಷಾರಾಗಿ ಬಂದ ಮೇಲೆ ಯಾರಿಗೂ ಬೈಲಿಲ್ಲ. ಅಜ್ಜನ ಒಂದು ಪಂಚೆ ತೆಗೆದು ಕೊಟ್ಟು "ಇದ್ರಲ್ಲಿ ಹೊಲಿಸು" ಅಂದ್ರು. ಹಿಡಿಕೆಗೆ ಕೆಂಪು ದಾರ ಸುತ್ತಿದ್ದು ಅವರೇ. ಈಗ ಭಾನುವಾರ ನಾನು ಪೇಟೆಗೆ ಹೊರಟ್ರೆ, ಕೋಳಿ ತಿನ್ನದ ಅಜ್ಜಿಯೇ ಬಚ್ಚಲಿಗೆ ಹೋಗಿ ಚೀಲ ತಂದು, ಹೊಲಿಗೆಯನ್ನ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಡಬ್ಬಿ ಸಮೇತ ಕೈಗೆ ಕೊಡ್ತಾರೆ.